ಹುಳದ ಮನೆಗೊಂದು ನ್ಯಾಯ, ಮಗುವಿನ ಕೋಣೆಗೊಂದು

ಜಡಿ ಹಿಡಿದ ಈ ವಾರ ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರೊಬ್ಬರ ಮನೆಗೆ ಹೋಗಿದ್ದೆ. ಹುಳದ ಮನೆಯ ಬಾಗಿಲಲ್ಲೇ ತಡೆದು, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲು ಅದ್ದಿಸಿಯೇ ಒಳಗೆ ಬಿಟ್ಟರು. ಒಳಗೆ ಗಾಳಿ ಆಡುತ್ತಿತ್ತು. ಜ್ವರಕ್ಕೆ ಕೂತ, ಅಂದರೆ ಪೊರೆ ಬಿಡುತ್ತಿದ್ದ, ಹುಳಗಳ ಮೇಲೆ ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿಸಿದ್ದರು. ತಂಪು, ತೇವ ಜಾಸ್ತಿಯಾದರೆ ಸುಣ್ಣಕಟ್ಟು ರೋಗ ಬಂದು ಬೆಳೆ ಕೈಬಿಡುತ್ತದೆಂದು ಅಲ್ಲಿ ಎಲ್ಲರಿಗೂ ಗೊತ್ತು. ಅದು ಬೂಷ್ಟಿನ ಜಾತಿಯ ಶಿಲೀಂಧ್ರದ ಕೆಲಸವೆಂದು ಇಟಲಿಯ ಅಗೊಸ್ಟಿನೊ ಬಾಸ್ಸಿ 1835ರಲ್ಲೇ ತೋರಿಸಿಕೊಟ್ಟ; ಕಣ್ಣಿಗೆ ಕಾಣದ ಜೀವಿಯಿಂದ ರೋಗ ಬರುತ್ತದೆಂಬ ಅರಿವಿಗೆ ನಾಂದಿ ಹಾಡಿದ್ದೇ ರೇಷ್ಮೆಹುಳ. ಪಕ್ಕದ ಮಲಗುವ ಕೋಣೆಯ ಲೋಕವೇ ಬೇರೆ: ಸೋರುವ ಮೂಲೆಯಲ್ಲಿ ಕಪ್ಪು ಬೂಷ್ಟು, ಉಬ್ಬಿ ಉದುರುವ ಬಣ್ಣ, ಚಳಿಗೆಂದು ಮುಚ್ಚಿದ ಒಂದೇ ಕಿಟಕಿ, ಹಗ್ಗದ ತುಂಬ ಒದ್ದೆ ಬಟ್ಟೆ, ಕೆಮ್ಮುವ ಮಗು. 'ಥಂಡಿ ಆಗೈತೆ ಸಾರ್, ಸಿರಪ್ ಕೊಡ್ತಾ ಇದೀವಿ' ಎಂದರು. ತೇವ, ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ, ಅಸ್ತಮಾ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಹೇಳಿದೆ. ಕೊಳವೆಬಾವಿ ಕೊರೆದು ಸುಸ್ತಾದ ಬಯಲುಸೀಮೆಗೆ ತೇವದ ಭಯವೇ ಎನ್ನಬೇಡಿ. ಬೂಷ್ಟಿಗೆ ಒಂದು ಒಡಕು ಪೈಪು, ಹೊರಹೋಗದ ಅಡುಗೆಯ ಹಬೆ ಸಾಕು. ಹಬ್ಬಕ್ಕೆ ಮೇಲೊಂದು ಬಣ್ಣ ಬಳಿದರೆ ಅದು ಸಾಯುವುದಿಲ್ಲ. ಸೋರಿಕೆ ನಿಲ್ಲಬೇಕು, ಗಾಳಿ ಆಡಬೇಕು. ಈ ವಿದ್ಯೆ ನಮ್ಮ ರೈತರಿಗೆ ಯಾರೂ ಕಲಿಸಬೇಕಿಲ್ಲ. ಗೂಡಿನ ನಷ್ಟ ಹರಾಜುಕಟ್ಟೆಯಲ್ಲಿ ಅವತ್ತೇ ಗೊತ್ತಾಗುತ್ತದೆ. ಮಗುವಿನ ಉಸಿರಿನ ನಷ್ಟ ಯಾವ ಚೀಟಿಯಲ್ಲೂ ಬರೆದು ಬರುವುದಿಲ್ಲ, ಅಷ್ಟೇ ವ್ಯತ್ಯಾಸ.