ಹೊಳೆಯಾಚೆಯ ಟೋರಿ

ಅಬರ್ಡೀನಿನಲ್ಲಿ ನಾವು ನಾಲ್ಕು ಕನ್ನಡದ ಸಂಸಾರಗಳು ಸೇರಿದರೆ ಮೊದಲ ಪ್ರಶ್ನೆ ಯಾವೂರು, ಎರಡನೆಯದು ಇಲ್ಲಿ ಮನೆ ಎಲ್ಲಿ. ಕಾರವಾರದ ಕಡೆ ಎಂದಾಗ ಅರಳುವ ಮುಖಗಳು ಟೋರಿ ಎಂದ ಕೂಡಲೇ ಸಣ್ಣಗಾಗುತ್ತವೆ. "ಟೋರಿಯಲ್ಲಾ? ಅಲ್ಯಾಕಪ್ಪಾ? ಬಾಡಿಗೆ ಕಡಿಮೆ ಅಂತಲಾ?"

ಹೌದು, ಬಾಡಿಗೆ ಕಡಿಮೆ ಅಂತಲೇ ಬಂದೆ. ಆದರೆ ಆರು ವರ್ಷದಿಂದ ಇಲ್ಲೇ ಉಳಿದಿರುವುದಕ್ಕೆ ಅದೊಂದೇ ಕಾರಣವಲ್ಲ. ಟೋರಿ ಇರುವುದು ಡೀ ನದಿಯ ದಕ್ಷಿಣ ದಡದಲ್ಲಿ. ಈಚೆ ದಡದವರಿಗೆ ಅದು ಯಾವಾಗಲೂ 'ಹೊಳೆಯಾಚೆ'. ಗ್ರಾನೈಟಿನ ಚೆಲುವು, ಹಳೆಯ ವಿಶ್ವವಿದ್ಯಾಲಯ, ಪಶ್ಚಿಮದ ತೋಟದ ಮನೆಗಳು ಎಲ್ಲ ಈಚೆ. ಮೀನಿನ ವಾಸನೆ, ಕಡಲಕ್ಕಿಗಳ ಕೂಗಾಟ, ಒಂದೊಂದು ಮೆಟ್ಟಿಲಸಾಲಿಗೆ ಆರೆಂಟು ಸಂಸಾರಗಳಿರುವ ಕಲ್ಲಿನ ಮನೆಗಳು ಆಚೆ. ಬೆಳಗ್ಗೆ ಮೆಟ್ಟಿಲಲ್ಲಿ ಸಿಕ್ಕ ಅಜ್ಜಿ "ಫಿಟ್ ಲೈಕ್?" ಎನ್ನುತ್ತಾಳೆ. ಹೇಗಿದ್ದೀ ಎಂದರ್ಥ. ಹಳಗನ್ನಡದ ಪಾಲು ನಮ್ಮ ಬಾಯಲ್ಲಿ ಹಾಲಾದ ಹಾಗೆ, ಇಂಗ್ಲಿಷಿನ 'ವಾಟ್' ಈ ಡೋರಿಕ್ ಉಪಭಾಷೆಯಲ್ಲಿ 'ಫಿಟ್' ಆಗಿದೆ. ಆಫೀಸಿನ ಇಂಗ್ಲಿಷಿಗಿಂತ ಈ ಮಾತು ನನಗೆ ಬೇಗ ಹತ್ತಿತು.

ವಿಷಯ ಪಾರ್ಕಿನದು. ಟೋರಿಯ ಪೂರ್ವಕ್ಕೆ ಸೇಂಟ್ ಫಿಟ್ಟಿಕ್ಸ್ ಪಾರ್ಕ್ ಇದೆ. ಹಡಗಿನಿಂದ ಕಡಲಿಗೆ ಎಸೆಯಲ್ಪಟ್ಟ ಸಂತನೊಬ್ಬ ಇಲ್ಲಿನ ನಿಗ್ ಕೊಲ್ಲಿಯಲ್ಲಿ ದಡ ಸೇರಿದನಂತೆ, ಅವನ ಹೆಸರಿನ ಪಾಳು ಚರ್ಚು ಪಕ್ಕದಲ್ಲೇ ನಿಂತಿದೆ. ಕೊಳೆತು ನಾರುತ್ತಿದ್ದ ತೊರೆಯೊಂದನ್ನು ಹತ್ತಾರು ವರ್ಷದ ಹಿಂದೆ ಊರವರೂ ನಗರಸಭೆಯೂ ಸೇರಿ ಜೌಗುನೆಲವಾಗಿ ತಿದ್ದಿದರು. ಈಗ ಅಲ್ಲಿ ಜೊಂಡು ಬೆಳೆದಿದೆ, ವಲಸೆ ಹಕ್ಕಿಗಳು ಇಳಿಯುತ್ತವೆ, ಸಂಜೆ ಹುಡುಗರು ಫುಟ್‌ಬಾಲ್ ಆಡುತ್ತಾರೆ. 2023ರ ನಗರ ಯೋಜನೆಯಲ್ಲಿ ಈ ಪಾರ್ಕಿನ ಒಂದು ಭಾಗವನ್ನು 'ಇಂಧನ ಪರಿವರ್ತನಾ ವಲಯ'ಕ್ಕೆ ಗುರುತು ಮಾಡಿದರು. ಕಡಲ ಗಾಳಿಯಂತ್ರಗಳಿಗೆ, ಹಸಿರು ಕೈಗಾರಿಕೆಗೆ ಅಂತೆ. ಹಸಿರಿಗಾಗಿ ಹಸಿರನ್ನು ಕೆಡವುವುದಕ್ಕೆ 'ಪರಿವರ್ತನೆ' ಎಂಬ ಹೆಸರು.

ನನ್ನ ಗೆಳೆಯನೊಬ್ಬ ಮೈಸೂರಿನವನು, ಗಾಳಿ ವಿದ್ಯುತ್ತಿನ ಎಂಜಿನಿಯರ್. "ಪರಿಸರ ಪರಿಸರ ಅಂತೀಯ, ಗಾಳಿಯಂತ್ರಕ್ಕೂ ಅಡ್ಡ ನಿಲ್ತೀಯಲ್ಲ ಕಣೋ" ಎಂದು ಛೇಡಿಸುತ್ತಾನೆ. ಅವನ ವಾದವನ್ನು ಹಾರಿಸಿಬಿಡುವ ಹಾಗಿಲ್ಲ. ಎಣ್ಣೆ ಮುಗಿಯುತ್ತಿದೆ. ಅದನ್ನೇ ನಂಬಿದ ಊರಿಗೆ ಬೇರೆ ಕೆಲಸ ಬೇಕು. ಯಂತ್ರದ ರೆಕ್ಕೆಗಳು ಪೇಟೆಯ ರಸ್ತೆಯಲ್ಲಿ ಸಾಗಿಸುವ ಗಾತ್ರದವಲ್ಲ, ಬಂದರಿನ ಪಕ್ಕದಲ್ಲೇ ಜಾಗ ಬೇಕು. ನನ್ನ ಸಂಬಳವೂ ಎಣ್ಣೆಯ ಕಡೆಯಿಂದಲೇ ಬರುವುದರಿಂದ ನಾನು ದೊಡ್ಡ ಮಾತಾಡುವಂತೆಯೂ ಇಲ್ಲ.

ಆದರೆ ಬಂದರು ಅಲ್ಲಿಗೆ ಹೇಗೆ ಬಂತು? 1876ರ ಏಪ್ರಿಲಿನಲ್ಲಿ, ರಜೆಯ ದಿನ, ನಗರದ ಜನ ನಿಗ್ ಕೊಲ್ಲಿಯ ಗಾಳಿ ಕುಡಿಯಲು ಟೋರಿಗೆ ಮುಗಿಬಿದ್ದರು. ಹೊಳೆಯಲ್ಲಿ ಕಿಕ್ಕಿರಿದ ದೋಣಿ ಮಗುಚಿ 32 ಜನ ಸತ್ತರು. ಐದು ವರ್ಷದ ಬಳಿಕ ವಿಕ್ಟೋರಿಯಾ ಸೇತುವೆ ತೆರೆಯಿತು. ಇಡೀ ನಗರ ಪ್ರಾಣ ಒತ್ತೆಯಿಟ್ಟು ನೋಡಲು ಬರುತ್ತಿದ್ದ ಆ ಕೊಲ್ಲಿ ಈಗಿಲ್ಲ. ಸುಮಾರು 420 ಮಿಲಿಯನ್ ಪೌಂಡ್ ಸುರಿದು ಅದನ್ನೇ ದಕ್ಷಿಣ ಬಂದರು ಮಾಡಿ 2023ರಲ್ಲಿ ಉದ್ಘಾಟಿಸಿದರು. ನಾವು ಅಡ್ಡಾಡುತ್ತಿದ್ದ ದಂಡೆಗೆ ಬೇಲಿ ಬಿತ್ತು. ಮೊದಲು ಕೊಲ್ಲಿ ತೆಗೆದುಕೊಂಡರು. ಬಂದರು ಆದಮೇಲೆ, ಬಂದರಿನ ಪಕ್ಕದ ಜಾಗ ಎಂಬುದೇ ಪಾರ್ಕು ತೆಗೆದುಕೊಳ್ಳಲು ಕಾರಣವಾಯಿತು. ಮೊದಲ ಅನ್ಯಾಯ ಎರಡನೆಯದಕ್ಕೆ ಸಾಕ್ಷಿ ಹೇಳುವ ಈ ಚಾತುರ್ಯ ನನ್ನ ಗೆಳೆಯನ ಲೆಕ್ಕದಲ್ಲಿ ಬರುವುದಿಲ್ಲ. ಪಕ್ಕದಲ್ಲೇ ಈಸ್ಟ್ ಟುಲ್ಲೋಸ್, ಆಲ್ಟೆನ್ಸ್ ಎಂಬ ಎರಡು ಕೈಗಾರಿಕಾ ಪ್ರದೇಶಗಳಿವೆ. ಎಣ್ಣೆ ಇಳಿಮುಖವಾದ ಮೇಲೆ ಅಲ್ಲಿ 'ಬಾಡಿಗೆಗಿದೆ' ಎಂಬ ಬೋರ್ಡುಗಳನ್ನು ಎಣಿಸುತ್ತಾ ನಡೆಯಬಹುದು. ರೆಕ್ಕೆಗೆ ಬಂದರಿನ ಅಂಚು ಬೇಕು ಸರಿ, ಆಫೀಸಿಗೆ, ತರಬೇತಿ ಕೇಂದ್ರಕ್ಕೆ, ಗೋದಾಮಿಗೆ ಎಲ್ಲಕ್ಕೂ ಬೇಕೆ?

ಟೋರಿಗೆ ಇದು ಹೊಸತೂ ಅಲ್ಲ. ಇಲ್ಲಿ ಹಳೆಯ ಬೆಸ್ತರ ಕೇರಿಯೊಂದಿತ್ತು, ನದಿಯ ಬಾಯಲ್ಲಿ. 1970ರ ದಶಕದಲ್ಲಿ ಎಣ್ಣೆ ಕಂಪನಿಯ ನೆಲೆಗೆಂದು ಅದನ್ನು ನೆಲಸಮ ಮಾಡಿದರು. ಆಗ ಎಣ್ಣೆಗಾಗಿ, ಈಗ ಎಣ್ಣೆಯಿಂದ ಹೊರಬರುವುದಕ್ಕಾಗಿ, ಎರಡಕ್ಕೂ ಟೋರಿಯೇ ಬೇಕು! ಈ ನಡುವೆ ನಗರದ ಕೊಳಚೆ ಶುದ್ಧೀಕರಣ ಘಟಕ ಇಲ್ಲೇ ಬಂತು, ಕಸದ ಗುಡ್ಡ ಇಲ್ಲೇ ಬೆಳೆಯಿತು, ಇತ್ತೀಚೆಗೆ ಕಸ ಸುಡುವ ಸ್ಥಾವರದ ಚಿಮಣಿ ಎದ್ದಿತು. ಇದ್ದೊಂದು ಹೈಸ್ಕೂಲು 2018ರಲ್ಲಿ ಮುಚ್ಚಿತು. ಇದೆಲ್ಲ ಒಂದು ಕಡೆ ಸೇರಿದ್ದು ಕಾಕತಾಳೀಯ ಎನ್ನುವವರು ಪಶ್ಚಿಮದ ಬಡಾವಣೆಗಳಲ್ಲಿ ಒಂದೇ ಒಂದು ಚಿಮಣಿ ತೋರಿಸಲಿ. ಅಲ್ಲಿನವರಿಗಿಂತ ಟೋರಿಯವರ ಸರಾಸರಿ ಆಯುಷ್ಯ ಕಡಿಮೆ. ಅದನ್ನು ಎತ್ತಿ ಆಡಿ ಪಾರ್ಕಿನ ಪರ ನಿಂತವರಲ್ಲಿ ವೈದ್ಯರೂ ಇದ್ದಾರೆ.

ಇನ್ನು ಮನೆಗಳ ಕತೆ. ಪಾರ್ಕಿಗೆ ಹೊಂದಿಕೊಂಡ ಬಾಲ್ನಗ್ಯಾಸ್ಕ್‌ನಲ್ಲಿ 1960ರ ದಶಕದಲ್ಲಿ ಕಟ್ಟಿದ ಮನೆಗಳ ಸೂರು 'ರಾಕ್' ಎಂಬ ಗುಳ್ಳೆಗುಳ್ಳೆಯ ಹಗುರ ಕಾಂಕ್ರೀಟಿನದು. ಅದು ಯಾವಾಗ ಕುಸಿದೀತೋ ಹೇಳಲಾಗದು ಎಂದು 2024ರಲ್ಲಿ ಬಾಡಿಗೆದಾರರನ್ನು ಬೇರೆಡೆ ಕಳಿಸತೊಡಗಿದರು. ಸುಮಾರು 500 ಮನೆಗಳು. ಅದೇ ವರ್ಷ ಆಗಸ್ಟಿನಲ್ಲಿ ನಗರಸಭೆ ಕೆಡವುವುದಕ್ಕೆ ಮತ ಹಾಕಿತು. ನೂರಕ್ಕೂ ಹೆಚ್ಚು ಮನೆಗಳು ಸ್ವಂತದವು. 'ಬಾಡಿಗೆಯ ಮನೆಯನ್ನೇ ಕೊಂಡುಕೊಳ್ಳಿ, ಒಡೆಯರಾಗಿ' ಎಂದು ಸರ್ಕಾರವೇ 1980ರ ಬಳಿಕ ಹುರಿದುಂಬಿಸಿತ್ತು. ಅದನ್ನು ನಂಬಿ ಕೊಂಡವರಿಗೆ ಈಗಿನ ಮಾರುಕಟ್ಟೆ ಬೆಲೆ ಕೊಡುತ್ತೇವೆಂದರು. ಕುಸಿಯಬಹುದು ಎಂದು ಸಾರಿದ ಮನೆಗೆ ಮಾರುಕಟ್ಟೆ ಎಷ್ಟು ಬೆಲೆ ಕಟ್ಟೀತು? ಹಲಗೆ ಬಡಿದ ಕಿಟಕಿಗಳ ಸಾಲಿನಲ್ಲಿ ಒಂದೇ ಮನೆಯ ಪರದೆಯ ಹಿಂದೆ ದೀಪ ಉರಿಯುವುದನ್ನು ಚಳಿಗಾಲದ ಸಂಜೆ, ಮೂರೂವರೆಗೇ ಕತ್ತಲಾದಾಗ, ನಾನು ಎಷ್ಟೋ ಸಲ ನೋಡಿದ್ದೇನೆ.

ನನಗೆ ಇದು ಇಷ್ಟು ತಟ್ಟುವುದಕ್ಕೆ ಕಾರಣ ಅವ್ವನ ತವರು. ಸೀಬರ್ಡ್ ನೌಕಾನೆಲೆಗೆ ಕಾರವಾರ-ಅಂಕೋಲಾ ನಡುವಿನ ಊರುಗಳು ಎದ್ದುಹೋದಾಗ ಅವಳ ಮನೆಯೂ ಎದ್ದಿತು. ಪರಿಹಾರದ ಕೋರ್ಟು ಕಚೇರಿ ದಶಕಗಟ್ಟಲೆ ನಡೆಯಿತು. ಮಾವ ಯಾವತ್ತೂ ನೌಕಾಪಡೆಯನ್ನು ಬೈದವನಲ್ಲ. "ದೇಶಕ್ಕೆ ಬೇಕು ಅಂದ್ರು, ನಾವೆಂತ ಹೇಳೂದು?" ಎನ್ನುತ್ತಿದ್ದ. ಅಲ್ಲಿ ದೇಶ, ಇಲ್ಲಿ ಭೂಮಂಡಲ. ಕೇಳುವ ಹೆಸರು ದೊಡ್ಡದಾದಷ್ಟೂ ಕೇಳಿಸಿಕೊಳ್ಳುವವನಿಗೆ ಬಾಯಿ ಬರುವುದಿಲ್ಲ. ನೌಕಾನೆಲೆಯೂ ಪಾರ್ಕೂ ಒಂದೇ ಎನ್ನುತ್ತಿಲ್ಲ. ಕೊಡುವವರು ಮಾತ್ರ ಎರಡೂ ಕಡೆ ಒಂದೇ ಥರದವರು.

ಒಂದು ಮಾತು ನಮ್ಮವರಿಗೂ ಹೇಳಬೇಕು. ಸ್ಕಾಟ್‌ಲೆಂಡ್ ಬಗ್ಗೆ ಕನ್ನಡದಲ್ಲಿ ಬರುವ ಪ್ರವಾಸಕಥನಗಳನ್ನು ಓದಿದರೆ ಕೋಟೆ, ಮಂಜು, ವಿಸ್ಕಿ, ಬ್ಯಾಗ್‌ಪೈಪು ಬಿಟ್ಟರೆ ಇಲ್ಲಿ ಯಾರೂ ಬಾಡಿಗೆ ಕಟ್ಟುವುದೇ ಇಲ್ಲ ಅನ್ನಿಸುತ್ತದೆ. ಟೋರಿಯ ಹಳೆಯ ಫಿರಂಗಿ ಕೋಟೆಯ ಬಳಿ ನಿಂತರೆ ಬಂದರಿನ ಬಾಯಲ್ಲಿ ಡಾಲ್ಫಿನ್ ಕಾಣುತ್ತವೆ. ನಮ್ಮವರು ಕಾರಿನಲ್ಲಿ ಬಂದು, ಫೋಟೋ ತೆಗೆದು, ಅದೇ ಕಾರಿನಲ್ಲಿ ಹೊಳೆ ದಾಟುತ್ತಾರೆ. ಹಿಂದೆ ತಿರುಗಿದರೆ ಪಾರ್ಕು. ಯಾರೂ ತಿರುಗುವುದಿಲ್ಲ.

ಮೈಸೂರಿನ ಗೆಳೆಯನನ್ನು ಮುಂದಿನ ಭಾನುವಾರ ಕರೆದಿದ್ದೇನೆ. ನಕಾಶೆ ತರುತ್ತೇನೆ, ಜಾಗ ಎಷ್ಟು ಬೇಕು ಅಂತ ತೋರಿಸ್ತೀನಿ ಅಂದ. ತಾ ಅಂದೆ. ಜೌಗಿನ ಹತ್ತಿರ ಕೆಸರು ಜಾಸ್ತಿ, ಬೂಟು ಹಾಕಿಕೊಂಡು ಬಾ ಅಂತಲೂ ಹೇಳಿದ್ದೇನೆ.