ಕ್ಯಾಮೆರಾ ಸ್ವಲ್ಪ ಮಗ್ಗದ ಕಡೆಗೂ ತಿರುಗಲಿ

ಬಟ್ಟೆ ಮಾರೋಕೆ ಈಗ ಬಟ್ಟೆಯೇ ಬೇಕಾಗಿಲ್ಲ, ಗೊತ್ತಾ? 2019ರಲ್ಲಿ ನೆದರ್ಲೆಂಡ್ಸ್‌ನ ‘ದಿ ಫ್ಯಾಬ್ರಿಕಂಟ್’ ಎಂಬ ಕಂಪನಿಯ ಒಂದು ಡ್ರೆಸ್ 9,500 ಡಾಲರಿಗೆ ಹರಾಜಾಯಿತು. ಅದರಲ್ಲಿ ಒಂದೆಳೆ ನೂಲೂ ಇರಲಿಲ್ಲ. ಫೋಟೋದಲ್ಲಿ ಮಾತ್ರ ತೊಡಬಹುದಾದ ಡಿಜಿಟಲ್ ಬಟ್ಟೆ ಅದು.

ಇನ್ನೊಂದು ಉದಾಹರಣೆ ನೋಡಿ. 2018ರಲ್ಲಿ ಜಪಾನಿನ ಝೋಝೋ ಕಂಪನಿ ತನ್ನ ಗ್ರಾಹಕರಿಗೆ ಮೈಗಂಟುವ ಕಪ್ಪು ಉಡುಪೊಂದನ್ನು ಉಚಿತವಾಗಿ ಹಂಚಿತು. ಅದರ ತುಂಬ ಬಿಳಿ ಚುಕ್ಕಿಗಳು. ಹಾಕಿಕೊಂಡು ಫೋನ್ ಮುಂದೆ ಒಂದು ಸುತ್ತು ತಿರುಗಿದರೆ ಸಾಕು, ಕ್ಯಾಮೆರಾ ಆ ಚುಕ್ಕಿಗಳನ್ನು ಓದಿ ಮೈಯ ಅಳತೆ ಲೆಕ್ಕ ಹಾಕುತ್ತಿತ್ತು. ಟೈಲರ್ ಕೈಯಲ್ಲಿದ್ದ ಟೇಪಿನ ಕೆಲಸವನ್ನು ಕಂಪ್ಯೂಟರ್ ವಿಷನ್ ಮಾಡಿತು. 2023ರಲ್ಲಿ ಗೂಗಲ್, ಒಂದೇ ಟಾಪ್ ಬೇರೆ ಬೇರೆ ಮೈಕಟ್ಟಿನವರ ಮೇಲೆ ಹೇಗೆ ಕಾಣುತ್ತೆ ಅಂತ ಎಐ ಮೂಲಕ ತೋರಿಸೋ ಸೌಲಭ್ಯವನ್ನು ಅಮೆರಿಕದಲ್ಲಿ ಶುರು ಮಾಡಿತು.

ಇವೆಲ್ಲ ಜಾಣ ಕೆಲಸಗಳೇ. ಇವುಗಳ ಹಿಂದಿರೋ ಗಣಿತ ಕಂಡರೆ ನಮಗೂ ಇಷ್ಟ. ಆದರೆ ಗಮನಿಸಿ, ಇವೆಲ್ಲವೂ ಕೊಳ್ಳುವವರ ಎರಡೇ ಪ್ರಶ್ನೆಗೆ ಉತ್ತರ ಕೊಡುತ್ತವೆ. ನನಗೆ ಅಳತೆ ಸರಿಹೋಗುತ್ತಾ? ನನ್ನ ಮೇಲೆ ಚೆನ್ನಾಗಿ ಕಾಣುತ್ತಾ? ಮೂರನೇ ಪ್ರಶ್ನೆಯೊಂದು ಹಾಗೇ ಉಳಿದುಬಿಡುತ್ತೆ: ಈ ಬಟ್ಟೆ ನಿಜಕ್ಕೂ ಏನು, ಯಾರು ಮಾಡಿದ್ದು? ಬಟ್ಟೆ ವ್ಯಾಪಾರದಲ್ಲಿ ಡಿಜಿಟಲ್ ತಂತ್ರಜ್ಞಾನದ ನಿಜವಾದ ಸೃಜನಶೀಲತೆ ಈ ಮೂರನೇ ಪ್ರಶ್ನೆಗೆ ಉತ್ತರ ಕೊಡೋದರಲ್ಲಿದೆ ಅನ್ನೋದು ನಮ್ಮ ವಾದ.

ದೂರ ಹೋಗೋದು ಬೇಡ, ಇಳಕಲ್ ಸೀರೆಯನ್ನೇ ತಗೊಳ್ಳಿ. ಬಾಗಲಕೋಟೆ ಜಿಲ್ಲೆಯ ಈ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಅದಕ್ಕೇ ಸೀರೆಗೊಂದು ಹಾಸು ಹೊಸದಾಗಿ ಸಿದ್ಧ ಮಾಡಬೇಕು. ಕುಣಿ ಮಗ್ಗದಲ್ಲಿ ಕೂತು ನೇಯೋಕೆ ದಿನಗಟ್ಟಲೆ ಹಿಡಿಯುತ್ತೆ. ಈ ಸೀರೆಗೆ ಭೌಗೋಳಿಕ ಸೂಚಕ, ಅಂದರೆ ಜಿಐ ಟ್ಯಾಗ್ ಕೂಡ ಇದೆ. ಕೆಲವು ಬಗೆಯ ಸೀರೆಗಳೂ ಸೇರಿದಂತೆ 11 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ ಕಾನೂನು 1985ರಿಂದಲೂ ಇದೆ. ಕೈಮಗ್ಗದ ಗುರುತಿನ ಮುದ್ರೆ 2006ರಿಂದ ಇದೆ.

ಇಷ್ಟೆಲ್ಲ ಇದ್ದರೂ ಶಾಪಿಂಗ್ ಆ್ಯಪ್ ತೆರೆದು ‘ಇಳಕಲ್’ ಅಂತ ಹುಡುಕಿ ನೋಡಿ. ಪವರ್‌ಲೂಮಿನಲ್ಲಿ ನೇಯ್ದದ್ದು, ಬರೀ ಆ ಡಿಸೈನ್ ಪ್ರಿಂಟ್ ಮಾಡಿದ್ದು, ಅಸಲಿ ಕೈಮಗ್ಗದ್ದು ಎಲ್ಲವೂ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತವೆ. ಎಥ್ನಿಕ್ ಡೇ ಹತ್ತಿರ ಬಂದಾಗ ನಾವು ಹಾಸ್ಟೆಲಿನಲ್ಲಿ ಕೂತು ಸ್ಕ್ರಾಲ್ ಮಾಡೋದು ಇದೇ ಸಾಲನ್ನು. ಅಂಗಡಿಯಲ್ಲಾದರೆ ಸೆರಗು ಮಗುಚಿ ಕೊಂಡಿ ನೋಡಬಹುದು, ಮುಟ್ಟಿ ನೋಡಬಹುದು. ಸ್ಕ್ರೀನ್ ಮೇಲೆ ಆ ಎರಡೂ ಇಲ್ಲ. ಉಳಿಯೋದು ಫೋಟೋ ಮತ್ತು ರೇಟು. ರೇಟಿನ ಜಿದ್ದಿನಲ್ಲಿ ವಾರ ಕೂತು ನೇಯ್ದವರು ನಿಮಿಷದಲ್ಲಿ ಪ್ರಿಂಟ್ ಹೊಡೆಯೋ ಮೆಶೀನಿನ ಎದುರು ಗೆಲ್ಲೋಕೆ ಆಗುತ್ತಾ?

ಫೋಟೋಗಳನ್ನೂ ಇನ್ನು ಪೂರ್ತಿ ನಂಬೋ ಹಾಗಿಲ್ಲ. 2023ರಲ್ಲಿ ಲೀವೈಸ್ ಎಐ ಸೃಷ್ಟಿಸಿದ ಮಾಡೆಲ್‌ಗಳನ್ನು ಪರೀಕ್ಷಿಸುತ್ತೇವೆ ಎಂದಾಗ, ನಿಜವಾದ ಮನುಷ್ಯರಿಗೆ ಕೆಲಸ ಕೊಡಬಹುದಿತ್ತಲ್ಲ ಅಂತ ಜನ ತರಾಟೆಗೆ ತಗೊಂಡರು. ಮಾಡೆಲ್ ಸುಳ್ಳಾದರೆ ಬಟ್ಟೆಯಾದರೂ ನಿಜ ಇರಬೇಕಲ್ಲ! ಅದೇ ವರ್ಷ ನವೆಂಬರಿನಲ್ಲಿ ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ‘ಡಾರ್ಕ್ ಪ್ಯಾಟರ್ನ್’ಗಳ ವಿರುದ್ಧ ಮಾರ್ಗಸೂಚಿ ತಂದು 13 ಬಗೆಯ ಮೋಸಗಳನ್ನು ಹೆಸರಿಸಿತು. ‘ಎರಡೇ ಪೀಸ್ ಉಳಿದಿವೆ, ಬೇಗ ಕೊಳ್ಳಿ’ ಎಂಬ ಸುಳ್ಳು ಅವಸರವೂ ಅದರಲ್ಲೊಂದು. ಇಂಥ ಟೈಮರ್‌ಗಳಿಗೆ ಕೋಡ್ ಬರೆಯೋರು ಯಾರು? ನಮ್ಮ ಹಾಗೆ ಓದಿ ಪಾಸಾದ ಇಂಜಿನಿಯರುಗಳೇ. ಆದ್ದರಿಂದ ಇದು ಫ್ಯಾಷನ್‌ನವರ ವಿಷಯ, ನಮಗ್ಯಾಕೆ ಅನ್ನೋ ಹಾಗಿಲ್ಲ.

ಹಾಗಾದರೆ ಏನು ಮಾಡಬಹುದು? ದಾರಿ ತೋರಿದವರು ಇದ್ದಾರೆ. ಅಮೆರಿಕದ ಪೆಟಗೋನಿಯಾ ಕಂಪನಿ 2007ರಲ್ಲೇ ತನ್ನ ಬಟ್ಟೆ ಎಲ್ಲೆಲ್ಲಿ ತಯಾರಾಗಿ ಬರುತ್ತೆ ಎಂಬುದನ್ನು ವೆಬ್‌ಸೈಟಿನಲ್ಲಿ ತೋರಿಸತೊಡಗಿತು. ಅದೂ ಒಂದು ಮಾರ್ಕೆಟಿಂಗೇ, ಆದರೆ ಮಾಹಿತಿ ಕೊಟ್ಟು ನಂಬಿಕೆ ಗಳಿಸೋ ಮಾರ್ಕೆಟಿಂಗ್. ಯುರೋಪಿಯನ್ ಒಕ್ಕೂಟದಲ್ಲಿ 2024ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ಹಲವು ವಸ್ತುಗಳಿಗೆ ‘ಡಿಜಿಟಲ್ ಪಾಸ್‌ಪೋರ್ಟ್’ ಬರಲಿದೆ. ಆ ಪಟ್ಟಿಯಲ್ಲಿ ಬಟ್ಟೆಗೆ ಮೊದಲ ಆದ್ಯತೆಗಳಲ್ಲೇ ಜಾಗ ಸಿಕ್ಕಿದೆ.

ಇಳಕಲ್ ಸೀರೆಗೂ ಹೀಗೊಂದು ಪಾಸ್‌ಪೋರ್ಟ್ ಯಾಕಿರಬಾರದು? ಸೀರೆ ಮಗ್ಗದಿಂದ ಇಳಿದ ದಿನವೇ ನೇಕಾರರ ಸಹಕಾರ ಸಂಘದಲ್ಲಿ ಅದಕ್ಕೊಂದು ನಂಬರ್ ಕೊಡೋದು. ಅದರ ಜೊತೆ ಹತ್ತು ಸೆಕೆಂಡಿನ ಮಗ್ಗದ ವಿಡಿಯೋ, ಕೊಂಡಿಯ ಒಂದು ಕ್ಲೋಸಪ್ ಫೋಟೋ, ನೂಲು ಹತ್ತಿಯೋ ರೇಷ್ಮೆಯೋ ಎಂಬ ವಿವರ, ನೇಯ್ದವರು ಒಪ್ಪಿದರೆ ಅವರ ಹೆಸರು. ಕೊಳ್ಳುವವರು ಆ್ಯಪಿನಲ್ಲಿ ಮೊದಲು ನೋಡೋದು ಇದನ್ನೇ ಆಗಬೇಕು.

‘ಕ್ಯೂಆರ್ ಕೋಡ್ ತಾನೇ, ಜೆರಾಕ್ಸ್ ಹೊಡೆದು ನಕಲಿ ಸೀರೆಗೂ ಅಂಟಿಸಿಬಿಡ್ತಾರೆ’ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಕಾಗದದ ಮೇಲಿನ ಕೋಡಿನಿಂದ ಬಟ್ಟೆ ಅಸಲಿ ಆಗೋಲ್ಲ. ಆದರೆ ಸೀರೆಗೊಂದೇ ನಂಬರ್ ಇದ್ದು, ಅದನ್ನು ಕೊಂಡವರ ಹೆಸರಿಗೆ ಒಮ್ಮೆ ಮಾತ್ರ ದಾಖಲಿಸೋ ಹಾಗಿದ್ದರೆ, ಎರಡನೇ ಸಲ ಅದೇ ನಂಬರ್ ಬಂದಾಗ ಕಳ್ಳತನ ಗೊತ್ತಾಗುತ್ತೆ. ಜೊತೆಗೆ ಕೈಯಲ್ಲಿ ಹಾಕಿದ ಕೊಂಡಿಗಳು ಸೀರೆಯಿಂದ ಸೀರೆಗೆ ಸ್ವಲ್ಪವಾದರೂ ಬೇರೆ ಇರುತ್ತವಲ್ಲ, ಅದನ್ನೇ ಬೆರಳಚ್ಚಿನ ಹಾಗೆ ಬಳಸಿ ಫೋಟೋ ಹೋಲಿಸಬಹುದಾ? ನಮ್ಮ ಇಮೇಜ್ ಪ್ರೊಸೆಸಿಂಗ್ ಲ್ಯಾಬಿನಲ್ಲಿ ಪ್ರಯತ್ನಿಸಿ ನೋಡಬೇಕಾದ ವಿಷಯ ಇದು.

ಇನ್ನೂ ಕಷ್ಟದ ಪ್ರಶ್ನೆ ಬೇರೆ ಇದೆ. ಈ ಮಾಹಿತಿಯನ್ನೆಲ್ಲ ತುಂಬೋರು ಯಾರು? ದಿನವಿಡೀ ನೇಯೋರ ಮೇಲೆ ಇಂಗ್ಲಿಷ್ ಫಾರ್ಮಿನ ಹೊರೆಯನ್ನೂ ಹಾಕಿದರೆ ನಮ್ಮ ಪ್ರಾಜೆಕ್ಟ್ ಡೆಮೋ ದಿನಕ್ಕೇ ಮುಗಿಯುತ್ತೆ. ಆ್ಯಪ್ ಕನ್ನಡದಲ್ಲಿ, ಅದರಲ್ಲೂ ಬಾಗಲಕೋಟೆ ಕಡೆಯ ಮಾತಿನಲ್ಲಿ, ಧ್ವನಿ ಕೇಳಿ ಕೆಲಸ ಮಾಡಬೇಕು. ಸಾಧಾರಣ ಫೋನಿನಲ್ಲಿ, ನೆಟ್‌ವರ್ಕ್ ಇಲ್ಲದಾಗಲೂ ನಡೀಬೇಕು. ಫಿಲ್ಟರ್ ಮಾಡೋದಕ್ಕಿಂತ ಇದು ಕಷ್ಟ, ಒಪ್ತೀವಿ. ಕಷ್ಟ ಇರೋದಕ್ಕೇ ಇದು ಇಂಜಿನಿಯರಿಂಗ್.

ಒಂದು ಮಾತು ಸ್ಪಷ್ಟ ಮಾಡಬೇಕು. ಪವರ್‌ಲೂಮಿನಲ್ಲಿ ದುಡಿಯೋರೂ ನೇಕಾರರೇ, ಕಡಿಮೆ ಬೆಲೆಯ ಸೀರೆ ಬೇಕಾದವರೂ ತುಂಬ ಜನ ಇದ್ದಾರೆ. ಅದನ್ನು ಕೊಳ್ಳೋದು ತಪ್ಪಲ್ಲ. ಪವರ್‌ಲೂಮಿನದನ್ನು ಪವರ್‌ಲೂಮಿನದು ಅಂತಲೇ ಹೇಳಿ ಮಾರಲಿ, ಅಷ್ಟೇ.

ಜೀವನದಲ್ಲಿ ಬೆರೆತುಹೋದದ್ದನ್ನು ಕನ್ನಡದಲ್ಲಿ ‘ಹಾಸುಹೊಕ್ಕು’ ಅಂತೀವಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಅದು ಮಗ್ಗದ ಮೇಲಿನ ಉದ್ದದ, ಅಡ್ಡದ ಎಳೆಗಳ ಹೆಸರು ಅಂತ ಗೊತ್ತಾಗಿದ್ದು ಈಚೆಗೆ. ಕಂಪ್ಯೂಟರಿಗೂ ಮಗ್ಗಕ್ಕೂ ಹಳೇ ನಂಟಿದೆ, ಪಂಚ್ ಕಾರ್ಡನ್ನು ನಮಗಿಂತ ಮೊದಲು ಬಳಸಿದ್ದು ಜ್ಯಾಕಾರ್ಡ್ ಮಗ್ಗ. ಆ ಸಾಲ ತೀರಿಸೋ ಅವಕಾಶ ಈಗಿದೆ. ಮಿನಿ ಪ್ರಾಜೆಕ್ಟಿಗೆ ಟಾಪಿಕ್ ಹುಡುಕ್ತಿರೋರು ಇನ್ನೊಂದು ಟ್ರೈ-ಆನ್ ಆ್ಯಪ್ ಬರೆಯೋ ಮುಂಚೆ ಒಮ್ಮೆ ಇಳಕಲ್ಲಿಗೆ ಬಸ್ ಹತ್ತಿ. ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇರಲಿ. ಮೊದಲು ಮಗ್ಗದ ಪಕ್ಕ ಕೂತು, ಅವರಿಗೆ ಏನು ಬೇಕು ಅಂತ ಕೇಳಿ ಬನ್ನಿ.