ಗೊಂಬೆಗೆ ಮರುಕ, ಮನುಷ್ಯರಿಗೆ ನಗು

‘ಅವೆನ್ಯೂ ಕ್ಯೂ’ ಎಂಬ ಹೆಸರೆತ್ತಿದರೆ ಸಾಕು, ಅದನ್ನು ಬಲ್ಲ ನನ್ನ ಗೆಳೆಯರ ಮುಖ ಅರಳುತ್ತದೆ. ಗೊಂಬೆಗಳು ಬೈಯುತ್ತವೆ, ಕುಡಿಯುತ್ತವೆ, ರಂಗದ ಮೇಲೇ ಬೆತ್ತಲಾಗಿ ಹೊರಳಾಡುತ್ತವೆ, ಎಂಥ ಧೈರ್ಯ ನೋಡು ಅನ್ನುತ್ತಾರೆ. ಗೊಂಬೆಯಾಟದ ಬಗ್ಗೆಯೇ ಪಿಎಚ್.ಡಿ. ಮಾಡುತ್ತಿರುವ ನನಗೆ ಅದರಲ್ಲಿ ಧೈರ್ಯ ಕಾಣುವುದಿಲ್ಲ. ನಮ್ಮ ತೊಗಲು ಗೊಂಬೆಯಾಟದಲ್ಲಿ ರಾಮಾಯಣದ ನಡುವೆ ನುಗ್ಗುವ ಕಿಳ್ಳೇಕ್ಯಾತ, ಬಂಗಾರಕ್ಕ ಆಡುವ ಪೋಲಿ ಮಾತು ಕೇಳಿದವರಿಗೆ, ಗೊಂಬೆ ಎಂದರೆ ಮಕ್ಕಳ ಆಟಿಕೆ ಎಂಬ ಭ್ರಮೆ ಎಂದೋ ಹರಿದಿರುತ್ತದೆ. ಪೋಲಿತನ ನನ್ನ ತಕರಾರಲ್ಲ. ಅದು ಯಾರ ಮೇಲೆ ಬೀಳುತ್ತದೆ ಅನ್ನುವುದು ನನ್ನ ತಕರಾರು.

ಈ ಸಂಗೀತ ನಾಟಕ ನ್ಯೂಯಾರ್ಕಿನ ಬ್ರಾಡ್‌ವೇಗೆ ಬಂದದ್ದು 2003ರ ಜುಲೈನಲ್ಲಿ. ಹಾಡು ಕಟ್ಟಿದವರು ರಾಬರ್ಟ್ ಲೋಪೆಜ್ ಮತ್ತು ಜೆಫ್ ಮಾರ್ಕ್ಸ್, ನಾಟಕ ಬರೆದವರು ಜೆಫ್ ವಿಟ್ಟಿ. ಮರುವರ್ಷ ‘ವಿಕೆಡ್’ನಂಥ ಭಾರೀ ನಾಟಕವನ್ನು ಹಿಂದಿಕ್ಕಿ ಅತ್ಯುತ್ತಮ ಸಂಗೀತ ನಾಟಕದ ಟೋನಿ ಪ್ರಶಸ್ತಿ ಪಡೆಯಿತು. 2009ರವರೆಗೆ ಬ್ರಾಡ್‌ವೇಯಲ್ಲಿ, ಆಮೇಲೆ ಅದೇ ನಗರದ ಚಿಕ್ಕ ರಂಗಮಂದಿರದಲ್ಲಿ 2019ರವರೆಗೆ ನಡೆಯಿತು. ಅಲ್ಲಿಗೆ ಹೋಗಿ ನೋಡುವಷ್ಟು ಫೆಲೋಶಿಪ್ ನನಗೆ ಬರುತ್ತಿರಲಿಲ್ಲ, ಬರುವುದೂ ಆರು ತಿಂಗಳಿಗೊಮ್ಮೆ. ಪಠ್ಯ ಓದಿದ್ದೇನೆ, ಹಾಡುಗಳನ್ನು ಹಾಸ್ಟೆಲಿನ ಮಂಚದ ಮೇಲೆ ಕೂತು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ.

ಮೊದಲ ಸಲ ಕೇಳಿದಾಗ ಅತ್ತೂ ಇದ್ದೆ, ಸುಳ್ಳೇಕೆ ಹೇಳಲಿ. ಪ್ರಿನ್ಸ್‌ಟನ್ ಎಂಬ ಗೊಂಬೆ ಹುಡುಗ ಇಂಗ್ಲಿಷ್ ಸಾಹಿತ್ಯದ ಬಿ.ಎ. ಹಿಡಿದು ನಗರಕ್ಕೆ ಬರುತ್ತಾನೆ. ಕೆಲಸವಿಲ್ಲ, ದುಡ್ಡಿಲ್ಲ, ಬದುಕಿನ ಉದ್ದೇಶವೇನೆಂದು ಗೊತ್ತಿಲ್ಲ. ‘ಸೆಸಮಿ ಸ್ಟ್ರೀಟ್’ ಎಂಬ ಟೀವಿ ಕಾರ್ಯಕ್ರಮ ನೋಡಿ, ನೀನು ವಿಶೇಷ ಎಂಬ ಮಾತು ನಂಬಿ ಬೆಳೆದ ತಲೆಮಾರಿಗೆ, ಅದೇ ಬಗೆಯ ಗೊಂಬೆಗಳು ಬಂದು ನೀನು ವಿಶೇಷವೇನಲ್ಲ ಅನ್ನುತ್ತವೆ. ಇದು ನಾಟಕದ ನಿಜವಾದ ಕಸುವು. ಗೊಂಬೆ ಆಡಿಸುವವರು ಬೂದು ಬಟ್ಟೆ ತೊಟ್ಟು ಕಣ್ಣೆದುರೇ ನಿಂತಿರುತ್ತಾರೆ, ಪರದೆ ಇಲ್ಲ, ಮರೆ ಇಲ್ಲ. ಅವರದೇ ಬಾಯಿ ಹಾಡುತ್ತಿದ್ದರೂ ನಾವು ಮರುಗುವುದು ಬಟ್ಟೆ, ಸ್ಪಂಜಿನ ಆ ಮುಖಕ್ಕೆ.

ಆದರೆ ಆ ಬೀದಿಯಲ್ಲಿ ಗೊಂಬೆಯಲ್ಲದ ಮನುಷ್ಯ ಪಾತ್ರಗಳೂ ಇವೆ. ಅವರಲ್ಲೊಬ್ಬಳು ಕ್ರಿಸ್‌ಮಸ್ ಈವ್, ಜಪಾನಿನಿಂದ ಬಂದವಳು. ಎರಡೆರಡು ಸ್ನಾತಕೋತ್ತರ ಪದವಿ ಪಡೆದು ಮನೋಚಿಕಿತ್ಸಕಿಯಾಗಿದ್ದಾಳೆ, ಅವಳ ಬಳಿ ಬರುವವರು ಒಬ್ಬರೂ ಇಲ್ಲ. ಪ್ರಿನ್ಸ್‌ಟನ್‌ಗಿಂತ ಹೆಚ್ಚು ಓದಿ ಅವನಷ್ಟೇ ಖಾಲಿ ಕೂತವಳು. ಅವನ ನಿರುದ್ಯೋಗಕ್ಕೆ ಕೊರಳುಬ್ಬುವ ಹಾಡು. ಇವಳ ನಿರುದ್ಯೋಗ ನಗುವಿನ ಸರಕು, ಯಾಕೆಂದರೆ ಅವಳ ಇಂಗ್ಲಿಷಿನಲ್ಲಿ ‘ಲ’ ಇರಬೇಕಾದ ಕಡೆ ‘ರ’ ಬರುತ್ತದೆ. ಅವಳಿಗೂ ಮನಸ್ಸು ಬಿಚ್ಚಿ ಹಾಡುವ ಒಂದು ಪ್ರೇಮಗೀತೆ ಕೊಟ್ಟಿದ್ದಾರೆ. ಅದರ ಶೀರ್ಷಿಕೆಯಲ್ಲೇ ‘ಲವ್’ ಎನ್ನುವುದನ್ನು ‘ರವ್’ ಎಂದು ಅಚ್ಚು ಹಾಕಿದ್ದಾರೆ! ಅವಳು ಪ್ರೀತಿಯ ಬಗ್ಗೆ ಮಾತಾಡುವಾಗಲೂ ನಾವು ನೆನಪಿಡಬೇಕಾದದ್ದು ಅವಳ ನಾಲಿಗೆಯನ್ನು.

ಇದು ನನಗೆ ಚುಚ್ಚುವುದಕ್ಕೆ ಕಾರಣವಿದೆ. ನಾನು ಮಂಡ್ಯದ ಕಡೆಯವಳು. ನಮ್ಮ ಮನೆಯಲ್ಲಿ ಹಾಲು ‘ಆಲು’, ಹಾಸನ ‘ಆಸನ’. ಎಂ.ಎ. ಮೊದಲ ವರ್ಷದ ಸೆಮಿನಾರಿನಲ್ಲಿ ‘ಅಳೆಗನ್ನಡ’ ಎಂದುಬಿಟ್ಟೆ. ತರಗತಿ ನಕ್ಕಿತು, ಮೇಷ್ಟ್ರೂ ನಕ್ಕರು. ನಾನು ಏನು ಹೇಳಲು ಹೊರಟಿದ್ದೆ ಎಂದು ಆಮೇಲೆ ಒಬ್ಬರೂ ಕೇಳಲಿಲ್ಲ. ಆ ವರ್ಷದ ಕಾಲೇಜು ಪ್ರಹಸನದಲ್ಲಿ ಮನೆಕೆಲಸದವಳ ಪಾತ್ರಕ್ಕೆ ನನ್ನನ್ನೇ ಕರೆದರು: ‘ನೀನು ಸುಮ್ನೆ ಮಾತಾಡಿದ್ರೆ ಸಾಕು ಕಣೇ, ನಟನೆನೇ ಬೇಡ.’

ಇದು ಅಪಹಾಸ್ಯವಲ್ಲ, ಅಪಹಾಸ್ಯದ ವಿಡಂಬನೆ ಎನ್ನುವವರಿದ್ದಾರೆ. ಕ್ರಿಸ್‌ಮಸ್ ಈವ್ ತನ್ನನ್ನು ‘ಓರಿಯೆಂಟಲ್’ ಎಂದು ಕರೆದಾಗ ಪ್ರತಿಭಟಿಸುತ್ತಾಳಲ್ಲ, ಎಂದು ಕೇಳುತ್ತಾರೆ. ಹೌದು, ಪ್ರತಿಭಟಿಸುತ್ತಾಳೆ, ಅದೇ ಉಚ್ಚಾರಣೆಯಲ್ಲಿ. ಅವಳ ಪ್ರತಿಭಟನೆಯನ್ನೂ ನಗೆಯ ಸಾಲಾಗಿಯೇ ಬರೆಯಲಾಗಿದೆ.

ಆ ಪ್ರತಿಭಟನೆ ಬರುವುದು ನಾಟಕದ ಅತ್ಯಂತ ಹೆಸರಾದ ಹಾಡಿನೊಳಗೆ. ಎಲ್ಲರೊಳಗೂ ಒಂದಿಷ್ಟು ಜನಾಂಗದ್ವೇಷ ಇದೆ, ಒಪ್ಪಿಕೊಂಡು ಹಗುರಾಗೋಣ ಎನ್ನುವುದು ಅದರ ಸಾರ. ಶುರುವಾಗುವುದು ಗೊಂಬೆಗಳಿಂದಲೇ. ಒಂದೇ ‘ಮಾನ್‌ಸ್ಟರ್’ ಅಡ್ಡಹೆಸರಿನ ಇಬ್ಬರು ನೆಂಟರೇ ಎಂದು ಪ್ರಿನ್ಸ್‌ಟನ್ ಕೇಳುತ್ತಾನೆ, ಕೇಟ್ ಮಾನ್‌ಸ್ಟರ್ ಸಿಡಿಯುತ್ತಾಳೆ. ಅವಳು ಕಟ್ಟಬೇಕೆಂದಿರುವ ಶಾಲೆ ಮಾನ್‌ಸ್ಟರ್‌ಗಳಿಗೆ ಮಾತ್ರ ಎಂದಾಗ ಇಬ್ಬರ ಲೆಕ್ಕವೂ ಸರಿಹೋಗುತ್ತದೆ. ಚುರುಕಾಗಿದೆ, ನಗು ಬರುತ್ತದೆ. ಮಾನ್‌ಸ್ಟರ್‌ಗೆ ಇತಿಹಾಸವಿಲ್ಲ, ಹಾಗಾಗಿ ಲೆಕ್ಕ ಸುಲಭ. ಅದೇ ಲೆಕ್ಕದೊಳಗೆ ಕಪ್ಪು ಮನುಷ್ಯನನ್ನೂ ಏಷ್ಯಾದ ಹೆಂಗಸನ್ನೂ ತಂದು ನಿಲ್ಲಿಸಿ ಎಲ್ಲರೂ ಸಮ ಎನ್ನುವುದು ಕೈಚಳಕ. ‘ಎಲ್ರೊಳಗೂ ಸ್ವಲ್ಪ ಜಾತಿ ಇದ್ದೇ ಇರುತ್ತೆ ಬಿಡಿ’ ಎಂಬ ಮಾತನ್ನು ಕ್ಯಾಂಟೀನಿನಲ್ಲಿ ಎಷ್ಟು ಸಲ ಕೇಳಿಲ್ಲ! ಬಾಡಿಗೆ ಮನೆಗೆ ಅಲೆದು ಹೆಸರು ಹೇಳಿದೊಡನೆ ‘ಖಾಲಿ ಇಲ್ಲ’ ಅನ್ನಿಸಿಕೊಂಡವರು ಆ ಮಾತು ಹೇಳಿದ್ದನ್ನು ನಾನಂತೂ ಕಂಡಿಲ್ಲ.

ಕಪ್ಪು ಮನುಷ್ಯ ಎಂದೆನಲ್ಲ, ಅವನು ಕಲ್ಪಿತ ಪಾತ್ರವೂ ಅಲ್ಲ. ಗ್ಯಾರಿ ಕೋಲ್ಮನ್, ಅಮೆರಿಕದ ಟೀವಿಯ ಬಾಲತಾರೆ. ದುಡಿದ ಹಣಕ್ಕಾಗಿ ಹೆತ್ತವರ ಮೇಲೆಯೇ ಮೊಕದ್ದಮೆ ಹೂಡಬೇಕಾಯಿತು, ಸೆಕ್ಯುರಿಟಿ ಗಾರ್ಡ್ ಕೆಲಸ ಮಾಡಿದ, 1999ರಲ್ಲಿ ದಿವಾಳಿ ಅರ್ಜಿ ಹಾಕಿದ. ನಾಟಕ ಅವನನ್ನು ಅದೇ ಹೆಸರಿನಲ್ಲಿ, ಬೀದಿಯ ಕಟ್ಟಡ ನೋಡಿಕೊಳ್ಳುವ ಆಳಾಗಿ ನಿಲ್ಲಿಸಿತು. ಅವನು ಬದುಕಿದ್ದಾಗಲೇ! ಪರರ ಸೋಲು ಕಂಡು ಸಂತೋಷಪಡುವ ಬಗೆಗಿನ ಹಾಡನ್ನೂ ಅವನ ಬಾಯಿಂದಲೇ ಹಾಡಿಸಿತು. 2010ರ ಮೇನಲ್ಲಿ ಅವನು ತೀರಿಕೊಂಡ, ಪಾತ್ರ ಮುಂದುವರಿಯಿತು.

ಗೊಂಬೆಯನ್ನು ಎಷ್ಟು ಹೊಡೆದರೂ ಅದು ಸಂಜೆ ಪೆಟ್ಟಿಗೆಯೊಳಗೆ ಮಲಗುತ್ತದೆ, ಅದಕ್ಕೇ ಗೊಂಬೆಯ ಬಾಯಲ್ಲಿ ಏನನ್ನೂ ಹೇಳಬಹುದು. ಈ ನಾಟಕ ಗೊಂಬೆಗಳ ಮನಸ್ಸು ನೋಯದಂತೆ ಅಕ್ಕರೆಯಿಂದ ನಡೆಸಿಕೊಂಡು, ಪೆಟ್ಟನ್ನು ಮೈಯಿರುವವರಿಗೆ ಉಳಿಸಿಕೊಂಡಿತು.

ಇದನ್ನೇ ಪ್ರಬಂಧದ ನಾಲ್ಕನೇ ಅಧ್ಯಾಯದಲ್ಲಿ ಬರೆದುಕೊಟ್ಟಿದ್ದೆ. ‘ತಮಾಷೆಯನ್ನು ತಮಾಷೆಯಾಗಿ ನೋಡಮ್ಮ, ಈ ಭಾಗ ಬೇಕೇ?’ ಎಂಬ ಟಿಪ್ಪಣಿಯೊಂದಿಗೆ ವಾಪಸು ಬಂತು. ಮಂಡ್ಯದ ‘ಆಲು’ ಇರುವ ಪ್ಯಾರಾವನ್ನೂ ಸೇರಿಸಿ ಮತ್ತೆ ಕಳಿಸಿದ್ದೇನೆ.